ಚಿತ್ರದುರ್ಗದಲ್ಲಿ ಎರಡು ದಿನದ ಭರತನಾಟ್ಯ ಶಿಬಿರ: ಊಟ, ವಸತಿ ಹೇಗಿರುತ್ತೆ?

ಹನ್ನೆರಡು ವರ್ಷದ ಮಗಳು ಮೊದಲ ಸಲ ನಿಮ್ಮನ್ನು ಬಿಟ್ಟು ಶನಿವಾರ-ಭಾನುವಾರದ ಶಿಬಿರಕ್ಕೆ ಹೊರಟಿದ್ದಾಳೆ, ಶುಲ್ಕದಲ್ಲೇ ಊಟ-ವಸತಿ ಸೇರಿದೆ ಅಂದಿದ್ದಾರೆ, ಧೈರ್ಯವಾಗಿ ಕಳಿಸಬಹುದಾ ಅಂತ ಕೇಳಿದ್ದೀರಿ. ನಾನು ದುರ್ಗದವಳೇ. ಇಲ್ಲೂ ದಾವಣಗೆರೆಯಲ್ಲೂ ಇಂಥ ಶಿಬಿರಗಳ ಅಡುಗೆ ಮತ್ತು ಮಕ್ಕಳು ಮಲಗುವ ವ್ಯವಸ್ಥೆ ನೋಡಿಕೊಳ್ಳುತ್ತೇನೆ. ಖಂಡಿತ ಕಳಿಸಿ. ಆದರೆ ಊಟಕ್ಕೆ ಏನು ಮಾಡ್ತೀರಿ ಅಂತ ಕೇಳುವುದಕ್ಕಿಂತ ಮೊದಲು, ಎಷ್ಟು ಹೊತ್ತಿಗೆ ಬಡಿಸ್ತೀರಿ ಅಂತ ಕೇಳಿ.

ಹೊಟ್ಟೆ ಬಿರಿಯ ಉಂಡ ಮಗು ಅರೆಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಬಗ್ಗಿಸಿ ನಿಂತು, ತಟ್ಟಡವು ಅನ್ನುವ ಕಾಲು ತಟ್ಟುವ ಹೆಜ್ಜೆ ಮಾಡಲಾರದು. ಏನೂ ತಿನ್ನದೆ ಬಂದರೆ ಕಣ್ಣು ಕತ್ತಲೆ ಬಂದು ಕೂತುಬಿಡುತ್ತದೆ. ಬೆಳಗ್ಗೆ ಆರೂವರೆಗೆ ಅಭ್ಯಾಸ ಇದ್ದರೆ ಅದಕ್ಕೆ ಮುಂಚೆ ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು ಕೊಡಬೇಕು, ತಿಂಡಿ ಎಂಟೂವರೆಗೆ. ಮಧ್ಯಾಹ್ನ ಒಂದು ಗಂಟೆಗೆ ಊಟವಾದರೆ ಮೂರರವರೆಗೆ ಕಾಲಿಗೆ ಕೆಲಸ ಬೇಡ. ಆ ಹೊತ್ತಲ್ಲಿ ಹಸ್ತಮುದ್ರೆ, ಶ್ಲೋಕ, ತಾಳ ಹೇಳಿಕೊಡಬಹುದು. ತಿಳಿದ ಗುರುಗಳು ವೇಳಾಪಟ್ಟಿ ಹೀಗೇ ಹಾಕಿರುತ್ತಾರೆ. ಊಟ ಮುಗಿದ ಅರ್ಧ ಗಂಟೆಗೇ ಅಡವು ಅಂತ ಬರೆದಿದ್ದರೆ ಫೋನ್ ಮಾಡಿ ಕೇಳಿ, ಸಂಕೋಚ ಬೇಡ.

ತಿಂಡಿಗೆ ಸಾಮಾನ್ಯವಾಗಿ ಇಡ್ಲಿ, ಉಪ್ಪಿಟ್ಟು, ಒಗ್ಗರಣೆ ಮಂಡಕ್ಕಿ. ಮಧ್ಯಾಹ್ನ ಚಪಾತಿ ಇಲ್ಲವೇ ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆ. ಮಕ್ಕಳಿಗೆ ಅಂತ ಖಾರ ಕಡಿಮೆ ಹಾಕಿಸಿದರೂ ಹೊರಗಿನವರಿಗೆ ನಮ್ಮ ಸಾರು ಸ್ವಲ್ಪ ಜೋರೇ. ಮೊಸರು ಹೆಚ್ಚಿಗೆ ಇರುತ್ತದೆ, ಕೇಳಿ ಹಾಕಿಸಿಕೋ ಅಂತ ಮಗಳಿಗೆ ಹೇಳಿಡಿ. ಒಂದು ವಿಷಯದಲ್ಲಿ ಮಾತ್ರ ಉದಾಸೀನ ಮಾಡಬೇಡಿ. ಎಣ್ಣೆ ಗಿರಣಿಗಳ ಚಳ್ಳಕೆರೆ ನಮ್ಮ ಜಿಲ್ಲೆಯದೇ. ನಮ್ಮ ಅಡುಗೆಯಲ್ಲಿ ಶೇಂಗಾ ಎಲ್ಲೆಲ್ಲೂ ಇದೆ, ಎಣ್ಣೆಯಲ್ಲಿ, ಚಟ್ನಿಪುಡಿಯಲ್ಲಿ, ಮಂಡಕ್ಕಿಯಲ್ಲಿ, ಕೆಲವು ಪಲ್ಯದಲ್ಲೂ. ಮಗುವಿಗೆ ಶೇಂಗಾ ಅಲರ್ಜಿ ಇದ್ದರೆ ಅರ್ಜಿಯಲ್ಲಿ ಬರೆದು ಸುಮ್ಮನಾಗಬೇಡಿ, ಅಡುಗೆಯವರಿಗೇ ಹೇಳಿ. ಅರ್ಜಿ ಅಡುಗೆಮನೆಯವರೆಗೆ ಬರುವುದೇ ಇಲ್ಲ.

ನೀರೂ ಅಷ್ಟೇ ಮುಖ್ಯ. ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಅಂಶವೂ ಹೆಚ್ಚು. ಎರಡು ದಿನಕ್ಕೆ ಅದರಿಂದ ಏನೂ ಆಗದು, ಆದರೆ ರುಚಿ ಹಿಡಿಸದೆ ಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬೆವರು ಸುರಿಸಿ ಕುಣಿದ ಮೇಲೆ ಸಂಜೆ ತಲೆನೋವು ಅಂತ ಮಲಗುತ್ತಾರೆ. ಶುದ್ಧ ನೀರಿನ ಕ್ಯಾನ್ ತರಿಸುತ್ತೀರಾ ಅಂತ ಕೇಳಿ. ಮಗಳ ಕೈಗೆ ಅವಳದೇ ಬಾಟಲಿ ಕೊಡಿ.

ಇನ್ನು ವಸತಿ. ಶಿಬಿರಗಳು ಬಹಳಷ್ಟು ನಡೆಯುವುದು ಕಲ್ಯಾಣ ಮಂಟಪದಲ್ಲೇ, ಅದರಲ್ಲೂ ಮದುವೆ ಮುಹೂರ್ತ ಇಲ್ಲದ ಆಷಾಢದಲ್ಲಿ ಮಂಟಪ ಸುಲಭವಾಗಿ ಸಿಗುತ್ತದೆ. ಆದರೆ ಆಷಾಢದ ಗಾಳಿ ಅಂದರೆ ದುರ್ಗದಲ್ಲಿ ಗಾಳಿಯೇ; ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜಮಖಾನ, ಹಾಸಿಗೆ ಶಾಮಿಯಾನದವರಿಂದ ಬಾಡಿಗೆಗೆ ಬರುತ್ತವೆ. ಹೊದಿಕೆ ಮಾತ್ರ ಮನೆಯದೇ ಇರಲಿ, ಮೇಲೆ ಹಾಸಲು ಒಂದು ಹಳೆ ಬೆಡ್‌ಶೀಟೂ ಇರಲಿ.

ಹೆಣ್ಣುಮಕ್ಕಳು ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇದೆಯಾ, ರಾತ್ರಿ ಅವರ ಜೊತೆಗೇ ಮಲಗುವ ಹೆಂಗಸು ಯಾರು, ಅವರ ಫೋನ್ ನಂಬರ್ ಏನು? ಇಷ್ಟಕ್ಕೆ ನೇರ ಉತ್ತರ ಬರದಿದ್ದರೆ ಕಳಿಸಬೇಡಿ. ಬಚ್ಚಲು ಎಷ್ಟಿವೆ ಅಂತಲೂ ಕೇಳಿ. ನಲವತ್ತು ಮಕ್ಕಳಿಗೆ ಎರಡೇ ಬಚ್ಚಲಾದರೆ ಬೆಳಗ್ಗೆ ನಾಲ್ಕಕ್ಕೇ ಎಬ್ಬಿಸಬೇಕಾಗುತ್ತದೆ, ನಿದ್ದೆ ಕೆಡುತ್ತದೆ. ಸ್ನಾನವನ್ನು ರಾತ್ರಿಗೂ ಬೆಳಗಿಗೂ ಹಂಚಿದರೆ ಆ ತೊಂದರೆ ಇಲ್ಲ. ನಿಮ್ಮ ಮಗಳ ವಯಸ್ಸಿಗೆ ಮುಟ್ಟು ಅಲ್ಲೇ ಶುರುವಾದರೂ ಆಗಬಹುದು. ಪ್ಯಾಡ್ ಚೀಲದಲ್ಲಿ ಇಟ್ಟು, ಯಾರನ್ನು ಕರೆಯಬೇಕು ಅಂತ ಮೊದಲೇ ತಿಳಿಸಿಬಿಡಿ.

ಮಂಟಪದ ನೆಲ ಗ್ರಾನೈಟ್. ದಿನವಿಡೀ ಅದರ ಮೇಲೆ ಕಾಲು ತಟ್ಟಿದ ಮಕ್ಕಳಿಗೆ ರಾತ್ರಿ ಅಂಗಾಲು ಉರಿಯುತ್ತದೆ, ಮೀನಖಂಡ ಬಿಗಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಟಬ್‌ನಲ್ಲಿ ಸಾಲಾಗಿ ಕಾಲು ಇಡಿಸುತ್ತೇವೆ. ಕಾಲು ಒರೆಸಿಕೊಂಡು ಕೊಬ್ಬರಿ ಎಣ್ಣೆ ಸವರಿಕೊಂಡರೆ ಹತ್ತಕ್ಕೆಲ್ಲ ನಿದ್ದೆ. ಒಂದು ಸಣ್ಣ ಬಾಟಲಿ ಎಣ್ಣೆ ಕಳಿಸಿಕೊಡಿ.

ನೀವೂ ಬರುವುದಾದರೆ ಬಿ.ಡಿ. ರಸ್ತೆಯ ಸುತ್ತ ಲಾಡ್ಜ್‌ಗಳಿವೆ. ಮಗಳು ಅಭ್ಯಾಸದಲ್ಲಿರುವಾಗ ಕೋಟೆ, ಚಂದ್ರವಳ್ಳಿ ನೋಡಿಕೊಂಡು ಬನ್ನಿ. ಶನಿವಾರ ಸಂಜೆ ಅವಳನ್ನು ಕೋಟೆ ಹತ್ತಿಸಬೇಡಿ, ಭಾನುವಾರ ಕಾಲು ಏಳುವುದಿಲ್ಲ. ಬೆಣ್ಣೆ ದೋಸೆಯನ್ನೂ ಶಿಬಿರ ಮುಗಿದ ಮೇಲೇ ಕೊಡಿಸಿ. ದಾವಣಗೆರೆ ಇಲ್ಲಿಂದ ಸುಮಾರು 60 ಕಿಲೋಮೀಟರ್, ಬಸ್ಸು ಬೇಕಾದಷ್ಟು. ಸೋಮವಾರ ಶಾಲೆ ಇದ್ದರೆ ಅಷ್ಟು ದೂರವೂ ಬೇಡ, ದುರ್ಗದಲ್ಲೇ ಬಿಸಿಬಿಸಿಯಾಗಿ ಸಿಗುತ್ತದೆ.