ಓದುಗರ ಪ್ರಶ್ನೆ: ಹೊಡೆದ್ರೆ ತಪ್ಪಿಲ್ಲ ಅಂದೋರು ಯಾರು?

ಪ್ರಶ್ನೆ: ಮೇಡಂ, ಕರ್ನಾಟಕದಲ್ಲಿ ನೂರಕ್ಕೆ 77 ಹೆಂಗಸರು ಗಂಡ ಹೊಡಿಯೋದು ಸರಿ ಅಂತಾರಂತೆ. ನಮ್ಮ ಪಿಜಿಲಿ ಎಲ್ಲರನ್ನೂ ಕೇಳ್ದೆ, ಒಬ್ಬಳೂ ಹಾಗನ್ಲಿಲ್ಲ. ಈ ಸರ್ವೆ ಬೋಗಸ್ ಅಲ್ವಾ? (ಓದುಗಳು, ಹಾಸನ)

ಉತ್ತರ: ಬೋಗಸ್ ಅಲ್ಲ ಕಣಮ್ಮ. ಅದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ನಮ್ಮ ಗಂಡಸರಲ್ಲಿ ಹಾಗಂದೋರು ಇನ್ನೂ ಜಾಸ್ತಿ, 82. ಹಿಮಾಚಲ ಪ್ರದೇಶದ ಹೆಂಗಸರಲ್ಲಿ ಬರೀ 15. ಆದ್ರೆ ಅವ್ರು ಕೇಳೋ ರೀತಿ ನೋಡು, "ಹೊಡಿಯೋದು ಸರೀನಾ" ಅಂತ ಒಂದೇ ಏಟಿಗೆ ಕೇಳಿ ಮುಗಿಸಲ್ಲ, ಏಳು ಸಂದರ್ಭ ಇಡ್ತಾರೆ: ಹೇಳ್ದೆ ಹೊರಗೆ ಹೋದ್ರೆ, ಮನೆ ಮಕ್ಕಳನ್ನ ನೋಡ್ಕೊಳ್ದೇ ಇದ್ರೆ, ಎದುರು ವಾದಿಸಿದ್ರೆ, ಜೊತೆ ಮಲಗಲ್ಲ ಅಂದ್ರೆ, ಅಡುಗೆ ಕೆಟ್ರೆ, ನಡತೆ ಮೇಲೆ ಅನುಮಾನ ಬಂದ್ರೆ, ಅತ್ತೆ-ಮಾವಂಗೆ ಮರ್ಯಾದೆ ಕೊಡದಿದ್ರೆ. ಇದರಲ್ಲಿ ಒಂದಕ್ಕೆ ಹೂಂ ಅಂದ್ರೂ ಆ 77ರ ಲೆಕ್ಕಕ್ಕೆ ಸೇರಿದ ಹಾಗೆ.

ನಮ್ಮ ಚಿಕ್ಕಮ್ಮ ಅವರೆಕಾಯಿ ಸುಲಿತಾ ಕೂತಿದ್ದಾಗ ಏಳನ್ನೂ ಕೇಳ್ದೆ. ಆರಕ್ಕೂ "ಹೊಡಿಯಕ್ಕೆ ಅವನ್ಯಾರು" ಅಂದೋರು, ಅತ್ತೆ-ಮಾವನ ಮಾತು ಬಂದಾಗ ಕಾಯಿ ಕೈಲೇ ಹಿಡ್ಕೊಂಡು "ಅದಕ್ಕಾದ್ರೆ ಒಂದೇಟು ಹಾಕ್ಲಿ ಬಿಡು" ಅಂದ್ರು. (ಈಗ ಅವರೂ ಅತ್ತೆನೇ, ಅದು ಬೇರೆ ವಿಷ್ಯ.) ಇಡೀ ದೇಶದಲ್ಲೂ ಜಾಸ್ತಿ ಹೂಂ ಬಿದ್ದಿರೋದು ಇದೇ ಕಾರಣಕ್ಕೆ. ಇವತ್ತು ರಾತ್ರಿ ಪಿಜಿಲಿ ಏಳನ್ನೂ ಒಂದೊಂದಾಗಿ ಕೇಳಿ ನೋಡು, ಏನಾಯ್ತು ಅಂತ ನಂಗೆ ಬರಿ.

ಪ್ರಶ್ನೆ: ನಂಗೆ 58 ವರ್ಷ, ಸರ್ವೆ ಅಂತ ಯಾರೂ ನಮ್ಮನೆ ಬಾಗಿಲಿಗೆ ಬಂದಿಲ್ಲ. ಕೆಲವು ಸಾವಿರ ಜನರನ್ನ ಕೇಳಿ ದೇಶದ ಮನಸ್ಸು ಹೇಳೋಕಾಗುತ್ತಾ? (ಓದುಗರು, ದಾವಣಗೆರೆ)

ಉತ್ತರ: ಸಾರಿಗೆ ಉಪ್ಪು ಸಾಕಾ ನೋಡಕ್ಕೆ ಪಾತ್ರೆಪೂರ್ತಿ ಕುಡಿತೀರಾ ಸರ್? ಅಂಗೈಗೆ ಒಂದು ಹನಿ ಸಾಕು, ಆದ್ರೆ ಮೊದ್ಲು ಸೌಟು ಹಾಕಿ ತಳದಿಂದ ಕಲಕಿರ್ಬೇಕು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಫೋನು, ಕಾರು ಇದ್ದೋರ ಪಟ್ಟಿ ಹಿಡ್ಕೊಂಡು ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸ್ತು, 24 ಲಕ್ಷ ಕಾರ್ಡ್ ವಾಪಸ್ ಬಂತು, ಅಧ್ಯಕ್ಷರ ಚುನಾವಣೇಲಿ ಲ್ಯಾಂಡನ್ ಗೆಲ್ತಾರೆ ಅಂತ ಬರೀತು. 48 ರಾಜ್ಯದಲ್ಲಿ 46 ಗೆದ್ದಿದ್ದು ರೂಸ್‌ವೆಲ್ಟ್. ಅದಕ್ಕಿಂತ ಎಷ್ಟೋ ಕಮ್ಮಿ ಜನರನ್ನ ಕೇಳಿದ, ಸರ್ವೆ ಮಾಡೋ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದ್ರು. ಡೈಜೆಸ್ಟ್‌ನೋರು ಮೇಲಿನ ತಿಳಿ ಅಷ್ಟೇ ರುಚಿ ನೋಡಿದ್ರು.

ಪ್ರಶ್ನೆ: ಮನೆಗೇ ಬಂದು ಕೇಳಿದ್ರೆ ಜನ ನಿಜ ಹೇಳ್ತಾರಾ? (ಓದುಗರು, ಸಾಗರ)

ಉತ್ತರ: ಎಲ್ಲಾ ಸಲ ಇಲ್ಲ. ಅದಕ್ಕೇ ಎರಡನೇ ಪ್ರಶ್ನೆ ಇಟ್ಕೊಂಡಿರ್ತಾರೆ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯೋರು 42 ಸಾವಿರ ಮನೆಗೆ ಹೋದ್ರು. ನಿಮ್ಮನೇಲಿ ಯಾರಾದ್ರೂ ಅಸ್ಪೃಶ್ಯತೆ ಆಚರಿಸ್ತಾರಾ ಅಂತ ಮೊದ್ಲು ಕೇಳೋದು, ಇಲ್ಲ ಅಂದ್ರೆ, ದಲಿತರು ನಿಮ್ಮ ಅಡುಗೆಮನೆಗೆ ಬಂದ್ರೆ, ನಿಮ್ಮ ಪಾತ್ರೆ ಬಳಸಿದ್ರೆ ಪರವಾಗಿಲ್ವಾ ಅಂತ ಕೇಳೋದು. ಎರಡೂ ಸೇರಿ ಸಿಕ್ಕಿಬಿದ್ದಿದ್ದು ನೂರಕ್ಕೆ 27 ಮನೆ. ನಮ್ಮಜ್ಜಿನ ಕೇಳಿದ್ದಿದ್ರೆ ಮೊದಲನೇದಕ್ಕೆ ಖಂಡಿತ "ಅಯ್ಯೋ ಇಲ್ಲಪ್ಪ" ಅಂತಿದ್ರು. ಕೊಟ್ಟಿಗೆ ಗೋಡೆಯ ಗೂಡಲ್ಲಿ ಒಂದು ಅಲ್ಯೂಮಿನಿಯಂ ಲೋಟ ಯಾವಾಗ್ಲೂ ಬೋರಲಾಗಿ ಇರೋದು, ನಾವು ಮಕ್ಕಳು ಅದನ್ನ ಮುಟ್ಟಿದ್ರೆ ಕೈ ತೊಳೆಸಿಯೇ ಒಳಗೆ ಬಿಡೋರು.