ಕೂಲಿ ಬಿಟ್ಟು ಮುಷ್ಕರ ಯಾಕೆ?

ಪ್ರಶ್ನೆ: ಗೇರುಬೀಜದ ಕಾರ್ಖಾನೆಯಲ್ಲಿ ದಿನಕ್ಕೆ ಸರಾಸರಿ 500 ರೂಪಾಯಿ ದುಡಿಯುವವರು ಮೂರ್ನಾಲ್ಕು ವಾರ ಕೂಲಿ ಬಿಟ್ಟು ಗೇಟಿನ ಹೊರಗೆ ಕೂರುತ್ತಾರೆ. ಕೇಳುವುದು 40 ರೂಪಾಯಿ ಹೆಚ್ಚಳ. ನಷ್ಟ ಅವರಿಗೇ ಅಲ್ಲವೆ?
– ಓದುಗರೊಬ್ಬರು, ಕಾರ್ಕಳ

ಉತ್ತರ: ನಷ್ಟ ಆಗುತ್ತದೆ, ನಿಜ. ಆದರೆ ಲೆಕ್ಕವನ್ನು ಆ ತಿಂಗಳಿಗೇ ನಿಲ್ಲಿಸಬೇಡಿ. 24 ದಿನ ಕೆಲಸ ನಿಂತರೆ ಕೈಬಿಡುವುದು 12,000 ರೂಪಾಯಿ. 40 ರೂಪಾಯಿ ಏರಿದರೆ 26 ದಿನಕ್ಕೆ 1,040. ಹನ್ನೆರಡನೇ ತಿಂಗಳಿಗೆ ಹೋದದ್ದು ತುಂಬಿ ಬರುತ್ತದೆ. ಒಪ್ಪಂದ ಮೂರು ವರ್ಷದ್ದಾದರೆ ಒಟ್ಟು 37,440. ಪಿಎಫ್‌ಗೆ ಮಾಲೀಕರ ಪಾಲು ಶೇ 12ರ ಲೆಕ್ಕದಲ್ಲಿ ತಿಂಗಳಿಗೆ ಇನ್ನೊಂದು 125. ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿ ಸಿಗುವುದು ಸೇವೆಯ ಪ್ರತಿ ವರ್ಷಕ್ಕೆ 15 ದಿನದಂತೆ, ಕೊನೆಗೆ ಪಡೆದ ಕೂಲಿಯ ಮೇಲೆ. 20 ವರ್ಷ ದುಡಿದವರಿಗೆ ಇದೇ 40 ರೂಪಾಯಿಯಿಂದ 12,000 ಹೆಚ್ಚು ಬರುತ್ತದೆ, ಮುಷ್ಕರದಲ್ಲಿ ಹೋದಷ್ಟೇ. ಮುಂದಿನ ಒಪ್ಪಂದದ ಮಾತು ಶುರುವಾಗುವುದೂ 540ರಿಂದ.

ಮಾಲೀಕರಿಗೂ ಆ ದಿನಗಳು ಪುಕ್ಕಟೆಯಲ್ಲ. ಬೇಯಿಸಿ, ಒಡೆದು, ಬೋರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿಸಿದ ತಿರುಳು ಪೀಲಿಂಗ್‌ಗೆ, ಅಂದರೆ ಒಳಸಿಪ್ಪೆ ಸುಲಿಯಲು ಹೋಗದೆ ಉಳಿದರೆ ಕರಾವಳಿಯ ತೇವ ಎಳೆದುಕೊಳ್ಳುತ್ತದೆ. ಗರಿಗರಿಯಾಗಿದ್ದ ಒಳಸಿಪ್ಪೆ ಮೆತ್ತಗಾಗಿ ತಿರುಳಿಗೆ ಅಂಟುತ್ತದೆ. ಚಾಕುವಿನ ತುದಿಯಲ್ಲಿ ಕೆರೆಯಹೊರಟರೆ ಬೀಜ ಎರಡು ಹೋಳು. ಪೌಂಡಿಗೆ 300ರಿಂದ 320 ತೂಗುವ ಇಡೀ ಬೀಜ ಡಬ್ಲ್ಯೂ-320 ದರ್ಜೆಯ ದರಕ್ಕೆ ಹೋಗಬೇಕಾದದ್ದು ಹೋಳಿನ ದರಕ್ಕೆ ಇಳಿಯುತ್ತದೆ. ಹಸಿ ಬೀಜ ಕೊಳ್ಳಲು ತೆಗೆದ ಸಾಲದ ಬಡ್ಡಿಯಂತೂ ನಿಲ್ಲುವುದಿಲ್ಲ. ಹಾಗಾಗಿ ದೀಪಾವಳಿಯ ಮುಂಚೆ, ಆರ್ಡರು ತುಂಬಿರುವಾಗ ಕೆಲಸ ನಿಲ್ಲಿಸಿದರೆ ಮಾತಿಗೆ ತೂಕ ಬರುತ್ತದೆ. ಗೋದಾಮಿನಲ್ಲಿ ಸಿದ್ಧ ಮಾಲು ರಾಶಿ ಬಿದ್ದಿರುವಾಗ ಹೊರಗೆ ಕೂತರೆ ಮಾಲೀಕರಿಗೆ ಕೂಲಿ ಉಳಿತಾಯ, ಅಷ್ಟೆ. ಜೂನ್ ತಿಂಗಳಂತೂ ಬೇಡವೇ ಬೇಡ. ಮಕ್ಕಳ ಶಾಲೆಯ ಖರ್ಚು ಇರುತ್ತದೆ, ಮಳೆ ಬೇರೆ. ಸ್ವಸಹಾಯ ಸಂಘದ ಸಾಲದ ವಾರದ ಕಂತು ಎರಡು ಬಾಕಿಯಾಯಿತೆಂದರೆ ಒಗ್ಗಟ್ಟು ಸಡಿಲವಾಗುತ್ತದೆ.

ಹೆಚ್ಚಳ ಕೇಳದ ಮುಷ್ಕರಗಳೂ ಇವೆ. ಕೂಲಿಯಿಂದ ಪಿಎಫ್ ಹಿಡಿದು ಕಟ್ಟದೆ ಇರುವುದು, ಮುಂದೆ ನಿಂತು ಮಾತಾಡಿದವರನ್ನು ಕೆಲಸದಿಂದ ತೆಗೆಯುವುದು – ಇಂಥದ್ದಕ್ಕೆ ರೂಪಾಯಿಯ ಲೆಕ್ಕ ಹಿಡಿಯುವುದೇ ತಪ್ಪು. ಇವತ್ತು ಒಬ್ಬಳನ್ನು ಬಿಟ್ಟುಕೊಟ್ಟರೆ ನಾಳೆ ಕೂಲಿಗೆ ಲೆಕ್ಕ ಹಿಡಿಯುವ ತೂಕದಲ್ಲಿ ಮೋಸವಾದರೂ ಕೇಳಲು ಯಾರೂ ಏಳುವುದಿಲ್ಲ.

ಪ್ರಶ್ನೆ: ನೋಟಿಸು ಗೀಟಿಸು ಇಲ್ಲದೆ ಎಲ್ಲರೂ ಒಂದೇ ದಿನ ರಜೆ ಹಾಕಿದರೆ ಅದು ಮುಷ್ಕರ ಅಲ್ಲವಲ್ಲ?
– ಓದುಗರೊಬ್ಬರು, ಬೈಕಂಪಾಡಿ

ಉತ್ತರ: ಮುಷ್ಕರವೇ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರ. ನೋಟಿಸು ಕೊಟ್ಟು 14 ದಿನ ಕಾಯಬೇಕು, 60 ದಿನದೊಳಗೆ ಶುರು ಮಾಡಬೇಕು. ಅಷ್ಟರಲ್ಲಿ ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದರೆ, ಸಂಧಾನ ಮುಗಿದು 7 ದಿನ ಕಳೆಯುವವರೆಗೆ ಕೆಲಸ ನಿಲ್ಲಿಸುವಂತಿಲ್ಲ. ತಾರೀಕು ಎಣಿಸುವಾಗ ಕಾರ್ಮಿಕ ಸಂಘಗಳು ಎಡವುವುದು ಇಲ್ಲೇ.

ಹತ್ತು ಮಂದಿ ಅಥವಾ ಹೆಚ್ಚು ಜನ ಕೂಡಿಕೊಂಡು ಹೇಳದೆ ಗೈರಾದರೆ, ನೇಮಕದ ಷರತ್ತಿನಲ್ಲಿ ಹಾಗಿದ್ದರೆ, 8 ದಿನದ ಕೂಲಿಯವರೆಗೆ ಮುರಿದುಕೊಳ್ಳಲು ಅವಕಾಶವಿದೆ. ಮುಷ್ಕರದ ದಿನಗಳ ಕೂಲಿ ಕೇಳಬೇಕಾದರೆ ಮುಷ್ಕರ ಕಾನೂನುಬದ್ಧವೂ ನ್ಯಾಯಯುತವೂ ಆಗಿರಬೇಕೆಂದು ಸುಪ್ರೀಂ ಕೋರ್ಟು 1994ರಲ್ಲಿ ಹೇಳಿದೆ. ಅದು ನಮ್ಮ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಪ್ರಕರಣ.

ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಕಡೆಗೂ ಕಣ್ಣಿರಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ – ಈ ಒಂದೊಂದು ಅರ್ಧವರ್ಷದಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿರದಿದ್ದರೆ ಕಾಯಿಲೆ ಮಲಗಿದಾಗ ಸಿಗುವ ಹಣ ತಪ್ಪುತ್ತದೆ. ಹಾಜರಿ ಮೊದಲೇ ಕಡಿಮೆಯಿರುವವರ ಹೆಸರನ್ನು ನೋಟಿಸು ಕೊಡುವ ಮುಂಚೆ ಬರೆದಿಟ್ಟುಕೊಳ್ಳಿ; ಸಂಘದ ನಿಧಿಯಿಂದ ಮೊದಲು ಅಕ್ಕಿ ತಲುಪಬೇಕಾದದ್ದು ಅವರ ಮನೆಗೆ.