ಪ್ರತಿ: ಮೊದಲ ಬಾರಿ ರೆನೈಸಾನ್ಸ್ ಮೇಳಕ್ಕೆ ಹೋಗುವಾಗ ಕಿರಿಕಿರಿ ಏನಿರುತ್ತದೆ?

ಟೆಕ್ಸಾಸ್‌ನ ರೆನೈಸಾನ್ಸ್ ಮೇಳಕ್ಕೆ (ಹಳೆಯ ಕಾಲದ ಯುರೋಪಿನ ವೇಷ, ಅಂಗಡಿ, ಆಟಗಳ ಜಾತ್ರೆ) ಮಕ್ಕಳೊಂದಿಗೆ ಹೊರಟಿದ್ದೇವೆ, ಯಾವುದಕ್ಕೆ ಸಿದ್ಧರಾಗಿರಬೇಕು ಎಂದು ಕೇಳಿದ್ದೀರಿ. ಧೂಳು, ವಾಹನಗಳ ಸಾಲು, ಶೌಚಾಲಯದ ಮುಂದೆ ಇನ್ನೊಂದು ಸಾಲು. ಬೆಳಿಗ್ಗೆಯೇ ತಲುಪಿದರೆ ಇವು ಅರ್ಧ ಕಡಿಮೆ. ಮಳೆ ಬಂದಿದ್ದರೆ ಹಳೆಯ ಬೂಟು ಹಾಕಿಕೊಳ್ಳಿ. ಮಕ್ಕಳಿಗೆ ಉಣ್ಣೆಯ ನಿಲುವಂಗಿ ಬೇಡ, ಅಕ್ಟೋಬರ್‌ನಲ್ಲೂ ಅಲ್ಲಿ ಸೆಕೆ ಇರುತ್ತದೆ.

ಇಂಥ ಮೇಳದಲ್ಲಿ ಗೆಳತಿಯ ಚರ್ಮದ ಚೀಲಗಳ ಮಳಿಗೆಯಲ್ಲಿ ಎರಡು ವರ್ಷ ಕೂತವಳಾದ್ದರಿಂದ ನನ್ನ ಗೋಳು ಬೇರೆಯದೇ. ದಿನಕ್ಕೆ ಹತ್ತು ಜನವಾದರೂ ಚೀಲವನ್ನು ತಿರುಗಿಸಿ ನೋಡಿ, ‘ಇದೇ ಆನ್‌ಲೈನ್‌ನಲ್ಲಿ ಕಾಲು ಬೆಲೆಗೆ ಸಿಗುತ್ತದೆ’ ಎಂದು ನಮಗೆ ಕೇಳುವಂತೆಯೇ ಹೇಳುತ್ತಾರೆ. ಕೈಹೊಲಿಗೆಯದು ಸಿಗುವುದಿಲ್ಲ ಸ್ವಾಮಿ! ಕೆಲವರು ಹೊಲಿಗೆಯ ವಿನ್ಯಾಸವನ್ನು ಹತ್ತಿರದಿಂದ ಫೋಟೊ ತೆಗೆದು ಮಾತಿಲ್ಲದೆ ನಡೆಯುತ್ತಾರೆ. ಎಲ್ಲಕ್ಕಿಂತ ಕಷ್ಟ ಮೇಳದಲ್ಲಿ ಟರ್ಕಿ ಕೋಳಿಯ ಕಾಲು ತಿಂದ ಜಿಡ್ಡುಗೈ: ಮಖಮಲ್ಲಿಗೆ ತಗುಲಿದರೆ ಆ ವಸ್ತುವನ್ನು ಇನ್ನು ಯಾರೂ ಕೊಳ್ಳುವುದಿಲ್ಲ! (ಆ ಹಕ್ಕಿ ಅಮೆರಿಕದ್ದು, ಇಂಗ್ಲೆಂಡಿಗೆ ಹೋಗಿದ್ದು 16ನೇ ಶತಮಾನದಲ್ಲಿ, ಮಧ್ಯಯುಗದ ಊಟವೆಂದು ಮಕ್ಕಳಿಗೆ ಹೇಳಬೇಡಿ.)

ಮಗ ಕತ್ತಿ ಕೊಂಡರೆ ಅದನ್ನು ಒರೆಗೆ ಕಟ್ಟಿಸಿಕೊಳ್ಳಬೇಕಾಗಬಹುದು, ಬಿಚ್ಚಲು ಬಿಡಬೇಡಿ. ಸ್ವಲ್ಪ ನಗದನ್ನೂ ಇಟ್ಟುಕೊಳ್ಳಿ. ಜನ ಹೆಚ್ಚಾದಾಗ ನಮ್ಮ ಕಾರ್ಡ್ ಯಂತ್ರಕ್ಕೆ ಸಿಗ್ನಲ್ ಸಿಗುತ್ತಿರಲಿಲ್ಲ.